ಹುಸೇನಪ್ಪ ಹೇಳಿದ ಉತ್ತರ

ಆಗ ನಾನು ತಾವರಗೇರಾದ ಸಣ್ಣ ಸಭೆಯೊಂದರ ಪಾಸ್ಟರ್; ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ದೀಕ್ಷಾಸ್ನಾನ, ಅಂದರೆ ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ವಿಧಿ, ಬೇಕೆಂದವರು ಮೊದಲು ಪ್ರಶ್ನೋತ್ತರದ ಪಾಠವನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ನಮ್ಮ ಸ್ಮಶಾನದಲ್ಲಿ ಜಾಗವೂ ದೀಕ್ಷೆಯಾದವರಿಗೆ ಮಾತ್ರ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ನನ್ನ ಹೆಂಡತಿ ಅದಕ್ಕೆ ಹಟಮಾರಿತನ ಎನ್ನುತ್ತಿದ್ದಳು.

ಬೇವೂರು ಕಡೆಯಿಂದ ಬಂದು ಮಾರ್ಕೆಟ್‌ನಲ್ಲಿ ಹಮಾಲಿ ಮಾಡುತ್ತಿದ್ದ ಹುಸೇನಪ್ಪ ಒಂದು ಭಾನುವಾರವೂ ತಪ್ಪಿಸಿದವನಲ್ಲ. ಅವನಿಗೆ ಅಕ್ಷರ ಬಾರದು. “ಕ್ರಿಸ್ತನು ಯಾರು?” ಎಂದರೆ “ಸಂಪೂರ್ಣ ದೇವರು, ಸಂಪೂರ್ಣ ಮನುಷ್ಯ” ಎನ್ನಬೇಕು. ಅವನು ತಲೆ ಕೆರೆದುಕೊಂಡು ಹೇಳಿದ:

“ನಾ ಹೊರಲಾರದ್ದನ್ನ ನನ್ನ ಬದಲಿ ಹೊತ್ತಾಂವ್ರಿ. ದೇವರಾದ್ರೂ ನಮ್ಮಂಗ ಬೆನ್ನು ನೊಂದಾಂವ.”

ನಾನು ನಕ್ಕೆ. “ಪಾಠದಾಗ ಹಂಗಿಲ್ಲೋ ಮಾರಾಯಾ. ಮುಂದಿನ ವರ್ಷದ ಈಸ್ಟರ್‌ಗೆ ಬಾ” ಎಂದು ಮೂರನೆಯ ಸಲ ಹಿಂದೆ ಕಳಿಸಿದೆ.

ಎರಡೇ ತಿಂಗಳಿಗೆ, ಚೀಲ ಇಳಿಸುವಾಗ ಎದೆ ಹಿಡಿದುಕೊಂಡು ಕುಸಿದವನು ಕುಷ್ಟಗಿಯ ಆಸ್ಪತ್ರೆ ಮುಟ್ಟಲಿಲ್ಲ. ಅವನ ಅಣ್ಣಂದಿರು, “ಅಂವ ನಿಮ್ಮಾಂವ ಆಗ್ಯಾನ, ನಿಮ್ಮಲ್ಲೇ ಮಣ್ಣು ಮಾಡ್ರಿ” ಎಂದರು. ಸಭೆಯ ಕಮಿಟಿ ಹಿರಿಯರಿಗೆ ಫೋನ್ ಮಾಡಿದೆ.

“ರಿಜಿಸ್ಟರ್‌ನಾಗ ಹೆಸರಿಲ್ರಿ ಪಾಸ್ಟರ್. ನೀವ ಬರಕೊಂಡಿಲ್ಲ.”

ಬೇಡಿಕೊಂಡೆ, ತಪ್ಪು ನನ್ನದೆಂದೆ. ಇಷ್ಟು ವರ್ಷ ನಾನು ಕಲಿಸಿದ ನಿಯಮವನ್ನೇ ಅವರು ಒಂದಕ್ಷರ ತಪ್ಪದೆ ನನಗೆ ಒಪ್ಪಿಸಿದರು. ಅಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಏಪ್ರಿಲ್ ಬಿಸಿಲು, ಹೆಣ ಇನ್ನೂ ಅವನ ಮನೆಯಂಗಳದಲ್ಲಿತ್ತು.

ಕೊನೆಗೆ ಅವನ ಹೆಂಡತಿ ದುರಗವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಯೇಸುಸ್ವಾಮಿಗೂ ಸ್ವಂತ ಕುಣಿ ಇದ್ದಿಲ್ಲಂತ ನೀವ ಹೇಳಿದ್ರಿ. ಯಾರೋ ತಮಗಂತ ತೋಡಿಸಿದ್ದು ಕೊಟ್ರಂತ. ನಮಗ್ಯಾರು ಕೊಡ್ತಾರ್ರಿ?”

ಹುಸೇನಪ್ಪನ ಜೊತೆ ಚೀಲ ಹೊರುತ್ತಿದ್ದ ಮೌಲಾಸಾಬ ಗೋಡೆಗೆ ಒರಗಿ ಕೇಳುತ್ತಿದ್ದವನು, “ನಮ್ಮ ಹೊಲದ ಬದುವಿನಾಗ ಜಾಗ ಐತಿ, ಏಳವ್ವಾ” ಎಂದ. ಹಮಾಲರೇ ಕುಣಿ ತೋಡಿದರು, ಅವರೇ ಹೊತ್ತರು. ನಾನು ಪ್ರಾರ್ಥನೆಗೆ ಬಾಯಿ ತೆರೆದರೆ ಅಳು ಬಂತು.

ಉಳಿದ ಎರಡು ವರ್ಷ ನಾನು ಯಾರಿಂದಲೂ ಪಾಠ ಒಪ್ಪಿಸಿಕೊಳ್ಳಲಿಲ್ಲ. ಪಾಸ್ಟರ್ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕ್ರಿಸ್ತನು ಎಲ್ಲರಿಗಾಗಿ ಸತ್ತನೆಂದು ಮೂವತ್ತು ವರ್ಷ ಸಾರಿದ ನಾನು, ಒಬ್ಬನಿಗೆ ಆರಡಿ ನೆಲ ಕೊಡಿಸಲಾರದೆ ಹೋದೆ.