ಇಂಗ್ಲಿಷಿನಲ್ಲಿ ನಪಾಸಾದ ಮಿಸ್ತ್ರಿ ಕಾಕಾ

ಅವರ ಎಡಗೈಯ ತೋರುಬೆರಳು ಅರ್ಧವೇ ಇತ್ತು. ಉಳಿದರ್ಧ ಯಾವುದೋ ದೇಶದ ಯಾವುದೋ ಬಾಯ್ಲರ್‌ನ ಬಾಯಿಗೆ ಹೋಗಿತ್ತಂತೆ. ಆ ಮೊಂಡು ಬೆರಳನ್ನು ಪುಸ್ತಕದ ಸಾಲಿನ ಕೆಳಗೆ ಒತ್ತಿ ಹಿಡಿದು, ಒಂದೊಂದೇ ಶಬ್ದವನ್ನು ಮುಂದಕ್ಕೆ ತಳ್ಳುವವರಂತೆ ಓದುತ್ತಿದ್ದರು. ಸಾಲು ಮುಗಿಯುವಷ್ಟರಲ್ಲಿ ಹಣೆಯ ಮೇಲೆ ಬೆವರು ಒಡೆಯುತ್ತಿತ್ತು. ಮನೆಯಷ್ಟು ದೊಡ್ಡ ಕಬ್ಬಿಣದ ಡ್ರಮ್ಮನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸುವ ಮನುಷ್ಯ, ‘ದಿ’ ಎಂಬ ಇಷ್ಟೇ ಇಷ್ಟು ಶಬ್ದದ ಮುಂದೆ ಸೋತು ಕೂತಿರುತ್ತಿದ್ದರು.

ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಹೊಸ ಬಾಯ್ಲರ್ ಕೂರಿಸಲು ಚೀನಾದಿಂದ ಆರು ಜನ ಫಿಟ್ಟರ್‌ಗಳು ಬಂದಿದ್ದರು. ಅವರಲ್ಲಿ ಇವರೇ ಹಿರಿಯರು, ಅರವತ್ತರ ಹತ್ತಿರ. ಅವರ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಕೆಲಸದಾಳುಗಳು ಎರಡು ದಿನ ಒದ್ದಾಡಿ, ಮೂರನೆಯ ದಿನ ‘ಮಿಸ್ತ್ರಿ ಕಾಕಾ’ ಎಂದು ಕರೆದರು. ಅವರು ಓಗೊಟ್ಟರು. ಮುಗಿಯಿತು.

ನಾನು ಘಟಪ್ರಭಾದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಕಣಗಲಾದ ನಮ್ಮ ಒಕ್ಕಲುತನದ ಮನೆತನದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಮೊದಲ ಹೆಣ್ಣು. ಆ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ದೊಡ್ಡ ಸೊಕ್ಕು ಕೆಂಪು ಪೆನ್ನಿನದು. ನಾನು ಕೊಟ್ಟ ಅಂಕ ಬ್ರಹ್ಮ ಬಂದರೂ ಬದಲಾಗುವುದಿಲ್ಲ ಎಂದು ಇಡೀ ಊರಿಗೆ ಗೊತ್ತಿತ್ತು. ಇದನ್ನೇ ಕೇಳಿ ಕಾರ್ಖಾನೆಯ ಸೇಫ್ಟಿ ಆಫೀಸರು ನನ್ನನ್ನು ಹುಡುಕಿಕೊಂಡು ಬಂದರು. ಆ ಆರೂ ಜನರಿಗೆ ಮೂರು ತಿಂಗಳು ಇಂಗ್ಲಿಷ್ ಕಲಿಸಬೇಕು, ಕೊನೆಗೆ ಪರೀಕ್ಷೆ ಮಾಡಬೇಕು. ಶಬ್ದಗಳದೊಂದು, ಓದುವುದರದೊಂದು, ಅವರ ಭಾಷೆಯಿಂದ ಇಂಗ್ಲಿಷಿಗೆ ಅನುವಾದ ಮಾಡುವುದೊಂದು. ಪ್ರಶ್ನೆಪತ್ರಿಕೆಯೂ ಸರಿಯುತ್ತರಗಳೂ ಚೀನಾದ ಅವರ ಕಂಪನಿಯಿಂದಲೇ ಬರುತ್ತವೆ, ನಾನು ಹೋಲಿಸಿ ಅಂಕ ಹಾಕಿದರೆ ಸಾಕು. ಪಾಸಾದವರು ಕೆಲಸ ಮುಗಿಯುವವರೆಗೆ ಇಲ್ಲಿ. ನಪಾಸಾದವರು ಊರಿಗೆ.

ಪಾಠ ನಡೆಯುತ್ತಿದ್ದದ್ದು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ ಮತ್ತು ಗುರುವಾರ ಶಾಲೆ ಬಿಟ್ಟ ಮೇಲೆ. ಕನ್ನಡಕ ಹಾಕಿದ ಒಬ್ಬ ದುಭಾಷಿ ಬಾಜೂ ಕೂತಿರುತ್ತಿದ್ದ. ನಲವತ್ತರ ಆಸುಪಾಸಿನ ಆತನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕಾಕಾ ಎಲ್ಲರಿಗಿಂತ ಮೊದಲು ಬಂದು, ಕೈ ತೊಳೆದು, ಸ್ಟೀಲಿನ ಫ್ಲಾಸ್ಕು ಎದುರಿಗಿಟ್ಟುಕೊಂಡು ಕೂರುತ್ತಿದ್ದರು. ಅದರಲ್ಲಿ ಚಹಾ ಇಲ್ಲ, ಕಾಫಿ ಇಲ್ಲ, ಬರೀ ಬಿಸಿನೀರು. ಏಪ್ರಿಲ್ ಬಿಸಿಲಿನಲ್ಲಿ ನಾವೆಲ್ಲ ತಣ್ಣನೆಯ ಮಜ್ಜಿಗೆ ಹುಡುಕುತ್ತಿದ್ದರೆ ಅವರು ಊದಿ ಊದಿ ಬಿಸಿನೀರು ಕುಡಿಯುತ್ತಿದ್ದರು. ಕ್ಯಾಂಟೀನಿನವರಿಗೆ ಅದೊಂದು ಮೋಜು.

ಮೊದಲ ವಾರವೇ ಒಂದು ಸಣ್ಣ ಪರೀಕ್ಷೆ ಕೊಟ್ಟೆ. ದುಭಾಷಿಯಿಂದ ಅವರ ಲಿಪಿಯಲ್ಲಿ ಬರೆಸಿದ ಇಪ್ಪತ್ತು ಶಬ್ದ, ಎದುರಿಗೆ ಇಂಗ್ಲಿಷ್ ಬರೆಯಬೇಕು. ಕಾಕಾ ಎಲ್ಲರಿಗಿಂತ ಮೊದಲು ಮುಗಿಸಿ, ಎದೆಯುಬ್ಬಿಸಿ ಹಾಳೆ ಕೊಟ್ಟರು. ನೋಡುತ್ತೇನೆ, ಅಚ್ಚುಕಟ್ಟಾದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾರೆ: ಬಿಸಿನೀರ. ಪಾನಾ. ಸಾವಕಾಶ. ಜಗ್ಗ್ರಿ. ಸಾಕ್ರಿ.

ಆಗಿದ್ದಿಷ್ಟು. ಇಂಡಿಯಾದಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ ಎಂದು ಊರಲ್ಲಿ ಯಾರೋ ಅವರಿಗೆ ಹೇಳಿ ಕಳಿಸಿದ್ದರು. ಉಳಿದವರಿಗಿಂತ ಎರಡು ತಿಂಗಳು ಮೊದಲೇ, ಸಾಮಾನು ಇಳಿಸಿಕೊಳ್ಳಲು ಒಬ್ಬರೇ ಬಂದಿದ್ದ ಕಾಕಾ, ನಮ್ಮ ಕೆಲಸದಾಳುಗಳ ಬಾಯಲ್ಲಿ ಬಂದದ್ದೆಲ್ಲ ಇಂಗ್ಲಿಷೇ ಎಂದು ನಂಬಿ, ದಿನಕ್ಕೆ ಐದು ಶಬ್ದದಂತೆ ಬಾಯಿಪಾಠ ಮಾಡಿದ್ದರು. ಒಂದು ನೋಟ್‌ಬುಕ್ಕು ತುಂಬ ಅವೇ. ಸ್ಪ್ಯಾನರಿಗೆ ನಮ್ಮ ಜನ ಪಾನಾ ಎನ್ನುತ್ತಾರೆ, ಅದೂ ಅಲ್ಲಿತ್ತು. ‘ಯವ್ವಾ, ಸೊಂಟಾ ಹೋತು’ ಕೂಡ ಇತ್ತು.

ನಾನು ನಕ್ಕೆ. ಸಣ್ಣ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ದುಭಾಷಿ ವಿಷಯ ತಿಳಿಸಿದಾಗ ಉಳಿದ ಐದೂ ಜನ ನಕ್ಕರು. ಕಾಕಾ ನಮ್ಮೆಲ್ಲರ ಮುಖ ನೋಡಿ, ನೋಟ್‌ಬುಕ್ಕು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟರು. ನಿಜವೇ ಎಂಬಂತೆ ನನ್ನನ್ನು ಕೇಳಿದರು, “ಖರೆ?”

“ಖರೇನ್ರಿ ಕಾಕಾ,” ಎಂದೆ. ಆಗ ಅವರೂ ನಕ್ಕರು. ಆದರೆ ಕಿವಿ ಕೆಂಪಗಾಗಿದ್ದವು. ಆ ಕಿವಿಗಳನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವತ್ತಿನಿಂದ ಅವರು ಇಂಗ್ಲಿಷಿಗೆ ಬಿದ್ದರು. ಪಾಪ, ಎಷ್ಟು ಕಷ್ಟಪಟ್ಟರು! ಪೈಪುಗಳ ಮೇಲೆ ಸೀಮೆಸುಣ್ಣದಲ್ಲಿ ಶಬ್ದ ಬರೆದುಕೊಂಡು ಕೆಲಸ ಮಾಡುತ್ತಲೇ ಓದುತ್ತಿದ್ದರು. ಆದರೆ ಆ ತಲೆಯಲ್ಲಿ ಕನ್ನಡ ಆಗಲೇ ಮನೆ ಮಾಡಿ ಕೂತುಬಿಟ್ಟಿತ್ತು. ‘ಸ್ಲೋ’ ಎನ್ನಬೇಕಾದಲ್ಲಿ ‘ಸಾವಕಾಶ’ವೇ ಮೊದಲು ಓಡಿ ಬರುತ್ತಿತ್ತು. ನಾನು ಮೇಜು ಕುಟ್ಟಿ ಬೈಯುತ್ತಿದ್ದೆ. ನನ್ನ ತಂದೆಯ ವಯಸ್ಸಿನವರು, ತಲೆ ತಗ್ಗಿಸಿ “ತಪ್ಪಾತ್ರಿ ಅಕ್ಕೋರ” ಎನ್ನುತ್ತಿದ್ದರು. ಟೀಚರಮ್ಮಂದಿರನ್ನು ನಮ್ಮ ಕಡೆ ಅಕ್ಕೋರು ಎನ್ನುವುದನ್ನೂ ಅವರು ಕೆಲಸದಾಳುಗಳಿಂದಲೇ ಕಲಿತಿದ್ದರು.

ಒಮ್ಮೆ ನಾನು ಬೇಸತ್ತು, ಇಷ್ಟು ವಯಸ್ಸಾದ ಮೇಲೆ ಯಾಕೆ ಈ ಪಾಡು, ಹಾಯಾಗಿ ಊರಿಗೆ ಹೋಗಬಾರದೇ ಎಂದು ದುಭಾಷಿಯ ಮೂಲಕ ಕೇಳಿದೆ. ಕಾಕಾ ತುಂಬ ಹೊತ್ತು ಮಾತಾಡಿದರು. ದುಭಾಷಿ ಅದನ್ನು ಚಿಕ್ಕದಾಗಿ ಹೇಳಿದ. ಇವರು ಆಯುಷ್ಯವಿಡೀ ದೇಶದೇಶಗಳಲ್ಲಿ ಬಾಯ್ಲರ್ ಕೂರಿಸಿದ್ದಾರೆ. ಆದರೆ ಕೂರಿಸುವ ಕೆಲಸ ಮುಗಿದ ಕೂಡಲೇ ಫಿಟ್ಟರ್‌ಗಳನ್ನು ಊರಿಗೆ ಕಳಿಸಿಬಿಡುತ್ತಾರೆ. ಬೆಂಕಿ ಹಾಕುವವರು ಬೇರೆ. ತಾನು ಕೂರಿಸಿದ ಒಂದು ಬಾಯ್ಲರ್ ಕೂಡ ಹೊತ್ತಿಕೊಂಡದ್ದನ್ನು ಇವರು ಕಣ್ಣಾರೆ ಕಂಡಿಲ್ಲ. ಇದು ಕೊನೆಯ ಕೆಲಸ, ಇದಾದ ಮೇಲೆ ನಿವೃತ್ತಿ. ಈ ಒಂದು ಸಲ, ಪರೀಕ್ಷೆ ಪಾಸಾದರೆ, ಬೆಂಕಿ ಹಾಕುವ ದಿನದವರೆಗೂ ಇರಲು ಕಂಪನಿ ಒಪ್ಪಿದೆ.

ಅಷ್ಟರಲ್ಲಿ ಬಿಸಿನೀರು ತಂದಿಡಲು ಬಂದಿದ್ದ ಮುಕಾದಮ, ಎಂದರೆ ಕೆಲಸದಾಳುಗಳ ಮುಖ್ಯಸ್ಥ, ಇದನ್ನೆಲ್ಲ ನನ್ನಿಂದ ಕೇಳಿ ತಿಳಿದುಕೊಂಡ. ಮೂಡಲಗಿ ಹತ್ತಿರದ ಕುರುಬರ ಮನೆತನದವನು, ದನಿಯೂ ದೊಡ್ಡದು, ಕರುಳೂ ದೊಡ್ಡದು. “ಹಂಗಾರ ನಾ ಈಗ ಹೇಳ್ತೇನಿ ಕೇಳ್ರಿ ಅಕ್ಕೋರ. ಬಾಯ್ಲರ್ ಪೂಜಾದ ದಿನಾ ಕಾಯಿ ಒಡಿಯೂದು ಕಾಕಾನ ಕೈಲೇನ. ಮ್ಯಾನೇಜರ್ ಬ್ಯಾಡ ಅಂದ್ರೂ ಬಿಡೂದಿಲ್ಲ,” ಎಂದ. ಕಾಕಾಗೆ ಕೈಸನ್ನೆ ಮಾಡಿ ಕಾಯಿ ಒಡೆಯುವುದನ್ನು ತೋರಿಸಿದ. ಕಾಕಾ ಆ ಮೊಂಡು ಬೆರಳನ್ನು ತನ್ನೆದೆಗೆ ಮುಟ್ಟಿಸಿಕೊಂಡು, “ನಾ?” ಎಂದರು. ಆ ಮುಖದ ಮೇಲಿನ ಬೆಳಕನ್ನು ನಾನು ನೋಡಿದ್ದೇನೆ. ನೋಡಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಇನ್ನೊಂದನ್ನೂ ನೋಡಿದ್ದೇನೆ. ಒಂದು ಗುರುವಾರ ನಾನು ಹೋದಾಗ ದೊಡ್ಡದೊಂದು ಪೈಪನ್ನು ಚೈನ್ ಪುಲ್ಲಿಯಿಂದ ಮೇಲೆತ್ತುತ್ತಿದ್ದರು. ಪೈಪು ಒಮ್ಮೆಲೇ ಒಂದು ಕಡೆ ವಾಲಿತು. ದುಭಾಷಿ ಇಂಗ್ಲಿಷಿನಲ್ಲಿ ‘ಹೋಲ್ಡ್, ಹೋಲ್ಡ್’ ಎಂದು ಕೂಗಿದ. ಚೈನು ಜಗ್ಗುತ್ತಿದ್ದವರು ಏನು ತಿಳಿದುಕೊಂಡರೋ, ಇನ್ನೂ ಜೋರಾಗಿ ಜಗ್ಗಿದರು. ಪೈಪಿನ ಕೆಳಗೊಬ್ಬ ಆಳು ನಿಂತಿದ್ದ. ಮೇಲಿನ ಅಟ್ಟಣಿಗೆಯಿಂದ ಕಾಕಾನ ದನಿ ಬಂತು: “ತಡೀರಿ! ಜಗ್ಗಬ್ಯಾಡ್ರಿ! ಏ ತಮ್ಮಾ, ಹಿಂದ ಸರಿ!” ಎಲ್ಲರ ಕೈಗಳೂ ನಿಂತವು. ಕೆಳಗಿದ್ದವ ಹಾರಿ ಹಿಂದೆ ಸರಿದ. “ಈಗ ಬಿಡ್ರಿ. ಸಾವಕಾಶ… ಸಾವಕಾಶ…” ಪೈಪು ನೆಲಕ್ಕೆ ಬಂದು ಕೂತಿತು.

ಪರೀಕ್ಷೆಯ ಹಿಂದಿನ ದಿನ ಮುಕಾದಮ ಬಸ್‌ಸ್ಟ್ಯಾಂಡಿಗೆ ಬಂದು ನನಗಾಗಿ ಕಾದು ನಿಂತಿದ್ದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಒಂದ ಮಾತ ಐತ್ರಿ ಅಕ್ಕೋರ. ಸಿಟ್ಟಾಗಬ್ಯಾಡ್ರಿ. ಕಾಕಾನ್ನ ಹ್ಯಾಂಗರೆ ಮಾಡಿ ಪಾಸ್ ಮಾಡಿಬಿಡ್ರಿ.”

“ನಮ್ಮಕ್ಕನ ಮಗನ್ನೂ ನಪಾಸ್ ಮಾಡೇನಿ ನಾ. ಇಂಥಾ ಮಾತ ನನ್ನ ಮುಂದ ತರಬ್ಯಾಡ್ರಿ.”

“ಅವರಿಗೆ ಇಂಗ್ಲಿಷ್ ಯಾಕ ಬೇಕ್ರಿ? ಅವರು ಹೇಳಿದ್ದು ನಮಗ ತಿಳಿತೈತಿ. ನಾವು ಹೇಳಿದ್ದು ಅವರಿಗೆ ತಿಳಿತೈತಿ. ಮತ್ತೇನು ಉಳೀತು?”

“ಪರೀಕ್ಷಾ ಇಂಗ್ಲಿಷಿಂದು,” ಎಂದೆ. ಬಸ್ಸು ಬಂತು. ಹತ್ತಿ ಕೂತೆ.

ಪರೀಕ್ಷೆಯಾಯಿತು. ಓದುವುದರಲ್ಲಿ ಕಾಕಾ ತೆವಳಿಕೊಂಡು ದಡ ಸೇರಿದರು. ಶಬ್ದಗಳಲ್ಲಿ ಐವತ್ತಕ್ಕೆ ಹದಿನೆಂಟು. ಪಾಸಾಗಲು ಇಪ್ಪತ್ತೈದು ಬೇಕಿತ್ತು. ಇನ್ನೂ ಹದಿನಾಲ್ಕು ಉತ್ತರಗಳು ಅರ್ಥದಲ್ಲಿ ಪೂರ್ತಿ ಸರಿ, ಭಾಷೆ ಮಾತ್ರ ನಮ್ಮದು. ಗಾಬರಿಯಲ್ಲಿ ಕೈ ತನಗೆ ಗೊತ್ತಿದ್ದದ್ದನ್ನು ಬರೆದುಬಿಟ್ಟಿತ್ತು. ಅನುವಾದದ ಒಂದು ವಾಕ್ಯ, ಎತ್ತಿದ ಭಾರದ ಕೆಳಗೆ ನಿಲ್ಲಬಾರದು ಎಂಬುದು. ಅದರ ಎದುರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕಾಕಾ ಬರೆದಿದ್ದರು: ‘ವಜ್ಜಾ ಐತಿ, ಕೆಳಗ ನಿಂದರಬ್ಯಾಡ್ರಿ.’ ನಮ್ಮ ಕಡೆ ಭಾರಕ್ಕೆ ವಜ್ಜಾ ಎಂದೇ ಹೇಳುವುದು. ಇಷ್ಟು ಒಳ್ಳೆಯ ಅನುವಾದವನ್ನು ನನ್ನ ಎಂ.ಎ. ಗೆಳತಿಯರೂ ಮಾಡಲಾರರು. ಅದರ ಮೇಲೆ ಕೆಂಪು ಗೀಟು ಎಳೆದೆ.

ನಾನೊಬ್ಬಳೇ ಪರೀಕ್ಷಕಿ. ಆ ಹಾಳೆಗಳನ್ನು ಮತ್ತೆ ಯಾರೂ ತೆಗೆದು ನೋಡುತ್ತಿರಲಿಲ್ಲ. ದುಭಾಷಿ ನಿಧಾನವಾಗಿ, ಇನ್ನೊಮ್ಮೆ ನೋಡುತ್ತೀರಾ ಎಂದು ಕೇಳಿದ. ನೋಡುವುದೇನೂ ಇಲ್ಲ ಎಂದೆ. ಹಾಗೆ ಹೇಳುವಾಗ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಕಾಕಾ ಹಾಳೆ ತೆಗೆದುಕೊಂಡು, ಗೀಟು ಹಾಕಿದ ಒಂದೊಂದು ಉತ್ತರದ ಕೆಳಗೂ ಬೆರಳು ಸರಿಸುತ್ತ ನೋಡಿದರು.

“ತಪ್ಪ?” ಎಂದರು.

“ತಪ್ಪಲ್ರಿ ಕಾಕಾ. ಆದ್ರ ಇಂಗ್ಲಿಷ್ ಅಲ್ಲ.”

ತಲೆಯಾಡಿಸಿದರು. ಕೆಳಗೆ ತಮ್ಮ ಲಿಪಿಯಲ್ಲಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಎರಡೂ ಕೈಯಿಂದ ನನಗೆ ಪೆನ್ನು ವಾಪಸು ಕೊಟ್ಟರು.

ಬೀಳ್ಕೊಡಲು ಘಟಪ್ರಭಾ ಸ್ಟೇಷನ್ನಿಗೆ ಕೆಲಸದಾಳುಗಳೆಲ್ಲ ಬಂದಿದ್ದರು. ಯಾರೋ ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಬಂದಿದ್ದರು, ಯಾರೋ ಗೋಕಾಕದ ಕರದಂಟು. ನಾನು ದೂರದಲ್ಲಿ, ನೀರಿನ ನಳದ ಹತ್ತಿರ ನಿಂತಿದ್ದೆ. ಅಂದು ಪೈಪಿನ ಕೆಳಗಿದ್ದ ಆಳು ಕಾಕಾನ ಕಾಲು ಮುಟ್ಟಿದ. ಕಾಕಾ ಗಾಬರಿಯಾಗಿ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಆಮೇಲೆ ಗುಂಪು ಬಿಟ್ಟು ನಾನಿದ್ದಲ್ಲಿಗೆ ನಡೆದು ಬಂದರು. “ಅಕ್ಕೋರ, ಬರ್ತೇನ್ರಿ,” ಎಂದರು. ಹೊರಟು ನಿಂತವರು ಹೋಗ್ತೇನಿ ಎನ್ನಬಾರದು, ಬರ್ತೇನಿ ಎನ್ನಬೇಕು ಎಂದು ನಮ್ಮ ಜನ ಅವರಿಗೆ ಅದನ್ನೂ ಕಲಿಸಿದ್ದರು. “ಹೂಂ, ಬರ್ರಿ ಕಾಕಾ,” ಎಂದೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹನ್ನೊಂದು ದಿನಗಳ ನಂತರ ಬಾಯ್ಲರ್ ಪೂಜೆ ಮಾಡಿ ಬೆಂಕಿ ಹಾಕಿದರು. ನನ್ನನ್ನು ಕರೆದಿದ್ದರು, ಹೋಗಲಿಲ್ಲ. ಮರುದಿನ ಮೂಡಲಗಿ ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ಗದ್ದೆಗಳಾಚೆ ಕಾರ್ಖಾನೆಯ ಹೊಗೆ ಕಂಡಿತು. ಪಕ್ಕದಲ್ಲಿ ಕೂತ ಹೆಣ್ಣುಮಗಳು “ಯಾಕ್ರಿ ಅಕ್ಕೋರ, ಅಳಾಕತ್ತೀರಿ?” ಎಂದಳು. ಕಣ್ಣಿಗೆ ಧೂಳು ಬಿತ್ತು ಎಂದೆ.

ಎಷ್ಟೋ ಮಕ್ಕಳಿಗೆ ಆಮೇಲೂ ಇಂಗ್ಲಿಷ್ ಕಲಿಸಿದ್ದೇನೆ. ಕಲಿತ ಭಾಷೆಯಿಂದ ಒಂದು ಜೀವ ಉಳಿಸಿದ ವಿದ್ಯಾರ್ಥಿ ಇನ್ನೊಬ್ಬ ಸಿಕ್ಕಿಲ್ಲ. ಗುರುವಾರ ಸಂಜೆ ಶಾಲೆಯ ಗಂಟೆ ಬಾರಿಸಿದರೆ, ಫ್ಲಾಸ್ಕು ಎದುರಿಗಿಟ್ಟುಕೊಂಡು ಯಾರೋ ಎಲ್ಲೋ ಕಾಯುತ್ತಿದ್ದಾರೆ ಅನಿಸುತ್ತದೆ. ಒಂದೇ ಒಂದು ಪಾಠ ಮತ್ತೆ ಸಿಗಬಾರದೇ ಎಂದು ಜೀವ ಹಂಬಲಿಸುತ್ತದೆ. ಸಿಕ್ಕರೆ ನಾನು ಬೈಯುವುದಿಲ್ಲ, ಸುಮ್ಮನೆ ಎದುರು ಕೂತು ಅವರ ಮಾತು ಕೇಳುತ್ತೇನೆ.

ಈ ವರ್ಷದ ಚಳಿಗಾಲದಲ್ಲಿ ದುಭಾಷಿಯಿಂದ ಮೆಸೇಜು ಬಂತು. ಕಾಕಾ ತೀರಿಕೊಂಡರು, ನಿದ್ದೆಯಲ್ಲೇ. ಕೆಳಗೆ ಮಗಳ ಒಂದು ಕೋರಿಕೆ. ಇಂಡಿಯಾದಲ್ಲಿ ಪರೀಕ್ಷೆ ಪಾಸಾಗಿ ಬಂದೆ ಎಂದು ಅಪ್ಪ ಮನೆಯವರಿಗೆಲ್ಲ ಹೇಳಿದ್ದರಂತೆ. ಅವರ ಫೋಟೋದ ಹತ್ತಿರ ಇಡಲು ಆ ಪಾಸಾದ ಕಾಗದದ ಪ್ರತಿಯೊಂದು ಸಿಗಬಹುದೇ?

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಒಂದು ಒಳ್ಳೆಯ ಕಾಗದದ ಮೇಲೆ ನಾನೇ ಪ್ರಮಾಣಪತ್ರ ಬರೆದೆ. ವಿಷಯ: ಕನ್ನಡ. ಶಬ್ದ, ಮಾತು, ಅನುವಾದ: ಉತ್ತಮ. ಫಲಿತಾಂಶ: ಪಾಸು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪರೀಕ್ಷಕರ ಸಹಿಯ ಜಾಗ ಖಾಲಿ ಬಿಟ್ಟು, ಅವರಿಗೆ ಕನ್ನಡ ಕಲಿಸಿದವರೇ ಸಹಿ ಹಾಕಲಿ ಎಂದು ಕಾರ್ಖಾನೆಗೆ ಒಯ್ದೆ. ಮುಕಾದಮ ಕಾಗದವನ್ನು ಎರಡು ಸಲ ಓದಿಸಿಕೊಂಡ. ಮಸಿಗೈಯನ್ನು ಅಂಗಿಗೆ ಒರೆಸಿಕೊಂಡು, ಅಳುತ್ತಳುತ್ತ ಸಹಿ ಹಾಕಿದ.

“ಈಗರೆ ಪಾಸ್ ಮಾಡಿದ್ರಲ್ರಿ ಅಕ್ಕೋರ,” ಎಂದ.

ಹೌದು, ಮಾಡಿದೆ. ಕಾಗದವನ್ನು ಅಂಚೆಗೂ ಹಾಕಿದೆ. ಅವರು ಇಲ್ಲಿರಬೇಕಾಗಿದ್ದ ಆ ಹನ್ನೊಂದು ದಿನಗಳನ್ನು ಯಾವ ಲಕೋಟೆಯಲ್ಲಿ ಹಾಕಿ ಕಳಿಸಲಿ?