ಮೂವರು ಬಿಷಪ್ಪರಿಗೆ ನಾರುಮಡಿ ಉಡಿಸಿದವಳು

ಅಜ್ಜಿ ಸತ್ತರೆ ಎಲ್ಲಿ ಮಣ್ಣು ಮಾಡುವುದು? ಈ ಒಂದು ಚಿಂತೆ ಲಿಯೊಕಾಡಿಯಳ ತಲೆಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಲೇ ಇತ್ತು. ಮಗುವಿಗೆ ಹಾಲೂಡಿಸುವಾಗಲೂ ಅದೇ, ಜ್ವರವೇನಾದರೂ ಬಂತೋ ಎಂದು ದಿನಕ್ಕೆ ಹತ್ತು ಸಲ ಅದರ ಹಣೆ ಮುಟ್ಟಿ ನೋಡುವಾಗಲೂ ಅದೇ. ಅಜ್ಜಿ ಇನ್ನೂ ಬದುಕಿದ್ದಳು. ಒಳಕೋಣೆಯಲ್ಲಿ ಮಲಗಿಕೊಂಡೇ ಗಂಜಿ ಸಪ್ಪೆಯೆಂದು ಬೈಯುತ್ತಿದ್ದಳು. ಬದುಕಿರುವವಳ ಗೋರಿಯ ಯೋಚನೆ ಮಾಡುವುದು ಪಾಪವೇನೋ ಎಂಬ ಇನ್ನೊಂದು ಚಿಂತೆ ಮೇಲಿನಿಂದ. ಆದರೆ ಡಾಕ್ಟರು ಹೆಚ್ಚೆಂದರೆ ಎರಡು ವಾರ ಎಂದಿದ್ದರು. ಗುಡ್ಡದ ಮೇಲಿನ ಮುತುಬ ಮರವನ್ನು, ತೊಗಟೆಯಿಂದ ಬಟ್ಟೆ ಮಾಡುವ ಆಲದ ಜಾತಿಯ ಆ ಹಳೇ ಮರವನ್ನು, ಸೋಮವಾರ ಕಡಿಯುತ್ತಾರೆಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಇವತ್ತು ಶನಿವಾರ.

ಅಜ್ಜಿಯ ಹೆಸರು ರೆಸ್ತಿತೂತ. ಲಿಯೊಕಾಡಿಯಳ ತಾತನ ಅಕ್ಕ. ಮದುವೆಯಾಗಲಿಲ್ಲ. ಮದುವೆಯಾಗದ ಹೆಣ್ಣಿಗೆ ಅಪ್ಪನ ಗೋರಿಯ ಪಕ್ಕದಲ್ಲೇ ಜಾಗ. ಬೇರೆಯವರ ಮಣ್ಣಿನಲ್ಲಿ ಹೂತರೆ ಸತ್ತ ಮೇಲೂ ಅವಳು ಬಿಡಾರದವಳೇ. ಅಪ್ಪನ ಗೋರಿ ಇರುವುದು ಆ ಮುತುಬದ ಬುಡದಲ್ಲಿ. ಮರ ಇರುವುದು ಬಿಷಪ್ಪರ ಮನೆಯ ಹಿಂದಿನ ಆವರಣದಲ್ಲಿ. ಆವರಣವೇನು, ಇಡೀ ಗುಡ್ಡವನ್ನೇ ಕೊಟ್ಟವನು ಆ ಅಪ್ಪ.

ತೊಂಬತ್ತು ವರ್ಷದ ಹಿಂದಿನ ಮಾತು. ಬುಲೆರೆ ಧರ್ಮಪ್ರಾಂತ್ಯದ ಮೊದಲ ಬಿಷಪ್ ಮಾರ್ಸೆಲ್, ಫ್ರಾನ್ಸಿನವರು, ಮೋಟಾರುಸೈಕಲ್ಲಿನಲ್ಲಿ ಬಂದು ಗುಡ್ಡದ ನೆತ್ತಿ ನೋಡಿ, ಇಲ್ಲೇ ದೊಡ್ಡ ಇಗರ್ಜಿ ಕಟ್ಟಬೇಕು ಅಂದರು. ಗುಡ್ಡದ ಒಡೆಯ ಯೊವಾಕಿಮ್, ಊರಿಗೆ ಜಪ ಕಲಿಸುವ ಉಪದೇಶಿ. "ಗುಡ್ಡ ತಗೊಳ್ಳಿ ಸ್ವಾಮಿ. ಮುತುಬದ ನೆರಳೊಂದು ನಮಗಿರಲಿ, ಅಲ್ಲಿ ನಮ್ಮ ಹಿರೀಕರು ಮಲಗಿದಾರೆ" ಎಂದ. ಬಿಷಪ್ಪರು ಎದೆಯ ಶಿಲುಬೆ ಮುಟ್ಟಿ ಒಪ್ಪಿದರು. ಅಳತೆಯವನು ಬಂದು ನೆರಳನ್ನೂ ಸೇರಿಸಿಯೇ ಅಳೆದ. ಯೊವಾಕಿಮ್ ಸಹಿ ಹಾಕಿದ. ನೆರಳಿನ ಮಾತನ್ನೂ ಬರೆಯಿರಿ ಅನ್ನಬೇಕಿತ್ತು. ಬಿಷಪ್ಪರ ಬಾಯಿಮಾತಿಗೆ ಕಾಗದ ಕೇಳುವುದು ದೇವರ ಹತ್ತಿರ ರಸೀದಿ ಕೇಳಿದ ಹಾಗೆ ಎಂದುಕೊಂಡು ಸುಮ್ಮನಾದ. ನಮ್ಮವರು ಮಾಡುವ ತಪ್ಪೇ ಅದು!

ನಾಲ್ಕು ವರ್ಷದ ಮೇಲೆ ರೆಸ್ತಿತೂತ ಹುಟ್ಟಿದಳು. ನಡೆಯಲು ಕಲಿತಾಗಿನಿಂದ ಇಟ್ಟಿಗೆ ಹೊತ್ತಳು. ಆಗ ಭಾನುವಾರದ ಪೂಜೆಗೆ ಬರುವವರೆಲ್ಲ ಕೆಳಗಿನ ಗೂಡಿನಿಂದ ತಲೆಯ ಮೇಲೊಂದು ಇಟ್ಟಿಗೆ ತರಬೇಕು. ಹದಿನಾರಕ್ಕೆ ಪೂಜಾವಸ್ತ್ರ ಒಗೆಯುವ, ಇದ್ದಿಲಿನ ಪೆಟ್ಟಿಗೆಯಿಂದ ಇಸ್ತ್ರಿ ಹಾಕುವ ಕೆಲಸಕ್ಕೆ ನಿಂತವಳು ಕೈ ನಡುಗುವವರೆಗೂ ಅದನ್ನೇ ಮಾಡಿದಳು.

ಅವಳಿಗೆ ಇಪ್ಪತ್ತೆರಡಾದಾಗ ಮಾರ್ಸೆಲ್ ತೀರಿಕೊಂಡರು. "ಈ ಊರಿನವರನ್ನು ಸುತ್ತೋ ಹಾಗೇ ನನ್ನನ್ನೂ ಸುತ್ತಿ" ಅಂತ ಹೇಳಿದ್ದರು. ಅವಳ ತಮ್ಮ ಅದೇ ಮುತುಬದ ತೊಗಟೆ ಸುಲಿದು, ಕೊಡತಿಯಲ್ಲಿ ಬಡಿದು ಬಡಿದು ನಾರುಮಡಿ ಮಾಡಿದ. ಸುಲಿದ ಕಾಂಡಕ್ಕೆ ಬಾಳೆಲೆ ಕಟ್ಟಿದರು, ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ವರ್ಷದೊಳಗೆ ತೊಗಟೆ ಮತ್ತೆ ಬಂತು. ನಾರುಮಡಿಯ ಅಂಚು ಸೇರಿಸಿ ಹೊಲಿದವಳು ರೆಸ್ತಿತೂತ. ಎರಡನೆಯವರು ನಮ್ಮ ಜನದಲ್ಲೇ ಮೊದಲ ಬಿಷಪ್, ಕ್ರಿಜೊಸ್ತೊಮ್. ಯುದ್ಧದ ವರ್ಷ ಅವರು ಸತ್ತಾಗ ಪೇಟೆಯ ತುಂಬ ಸೈನಿಕರು. ಪಾದ್ರಿಗಳೆಲ್ಲ ಬಾಳೆತೋಟಗಳಲ್ಲಿ ಅಡಗಿದ್ದರು. ಎರಡು ದಿನ ಹೆಣ ಹಾಗೇ ಇತ್ತು. ಮೂರನೆಯ ದಿನ ಅಕ್ಕ ತಮ್ಮ ಇಬ್ಬರೇ ಹೋದರು. ಅವಳು ಮೈ ತೊಳೆದು, ಕೆಂಪು ಬಟ್ಟೆ ತೊಡಿಸಿ, ನಾರುಮಡಿ ಸುತ್ತಿದಳು. ಅವನು ಗುಂಡಿ ತೋಡಿದ. ಜಪ ಹೇಳಲು ಯಾರೂ ಇರಲಿಲ್ಲ, ಅದನ್ನೂ ಅವಳೇ ಹೇಳಿದಳು. ಮೂರನೆಯವರು ಪೊನ್ಸಿಯಾನೊ. ಅವರಿಗೂ ಮಡಿ ಹೊಲಿದದ್ದು ಅವಳೇ. ಈಗಿನವರು ನಾಲ್ಕನೆಯವರು, ಲ್ಯಾಂಬರ್ಟ್.

ತೊಂಬತ್ತರ ಹಬ್ಬಕ್ಕೆಂದು ಪ್ರಾಂತ್ಯದ ಚರಿತ್ರೆಯ ಪುಸ್ತಕ ಬಂದಿದೆ. ಹೊಳೆಯುವ ಕಾಗದ, ನಾಲ್ವರು ಬಿಷಪ್ಪರ ಚಿತ್ರ. ಯುದ್ಧದ ವರ್ಷದ ಬಗ್ಗೆ ಒಂದು ಸಾಲು: "ಧರ್ಮಾಧ್ಯಕ್ಷರನ್ನು ಭಕ್ತಾದಿಗಳು ಗೌರವದಿಂದ ಸಮಾಧಿ ಮಾಡಿದರು." ಭಕ್ತಾದಿಗಳಂತೆ! ಲಿಯೊಕಾಡಿಯ ಆ ಸಾಲನ್ನು ಓದಿ ಓದಿ ಪುಸ್ತಕವನ್ನು ಮಂಚದ ಕೆಳಗೆ ಎಸೆದಿದ್ದಳು. ಬೆಳಿಗ್ಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು.

ಕಚೇರಿಯಲ್ಲಿದ್ದವರು ಕಾರ್ಯದರ್ಶಿ ಫಾದರ್ ಅಕಿಲೆಯೊ. ಅವಳಿಗಿಂತ ಎರಡು ಮೂರು ವರ್ಷ ದೊಡ್ಡವರಿದ್ದರೆ ಹೆಚ್ಚು.

"ನೋಡಮ್ಮ, ಅದು ಬಿಷಪ್ಪರ ಸಮಾಧಿ ಆವರಣ. ಅಲ್ಲಿ ಬೇರೆ ಯಾರನ್ನೂ ಹೂಳೋ ಹಾಗಿಲ್ಲ. ಹಬ್ಬಕ್ಕೆ ಅತಿಥಿಗಳು ಬರ್ತಾರೆ, ಕಾರು ನಿಲ್ಸೋಕೆ ಜಾಗ ಬೇಕು."

"ಆ ಮರದ ಕೆಳಗೆ ನಮ್ಮ ಮುತ್ತಜ್ಜ ಇದಾರೆ ಫಾದರ್. ನಮ್ಮ ತಾತಾನೂ ಇದಾರೆ."

"ನಾನು ನೋಡಿದೀನಿ. ಒಂದು ಕಲ್ಲೂ ಇಲ್ಲ ಅಲ್ಲಿ."

"ನಮ್ಮೋರ ಗೋರಿಗೆ ಕಲ್ಲಿಡೋ ಪದ್ಧತಿ ಯಾವತ್ತಿತ್ತು? ಮರಾನೇ ಕಲ್ಲು. ನಿಮ್ಮಜ್ಜನ ಗೋರಿ ಯಾವುದು ಅಂತ ನಿಮ್ಮಮ್ಮನ್ನ ಕೇಳಿ, ಅವರೂ ಮರಾನೇ ತೋರಿಸ್ತಾರೆ."

ಫಾದರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಕಾಗದ ಇದ್ರೆ ತನ್ನಿ."

"ಕಾಗದ ಕೊಡ್ಬೇಕಾದೋರು ಕೊಡಲಿಲ್ಲ. ಅವರಿಗೆ ಮಾತ್ರ ಕಲ್ಲು ಹಾಕ್ಸಿದೀರ."

"ಸ್ವಲ್ಪ ಮೆತ್ತಗೆ ಮಾತಾಡಿ. ಕಂಪಾಲದಲ್ಲಿ ಓದಿದೋರಿಗೆಲ್ಲ ನಾಲಿಗೆ ಉದ್ದ."

ಮಗು ಅಳತೊಡಗಿತು. ಅಲ್ಲೇ ಜಗಳ ಮುಂದುವರಿಸಬೇಕೆಂದಿದ್ದವಳು, ಮಗುವಿಗೆ ಬಿಸಿಲು ತಾಗಿತೇನೋ ಎಂಬ ಹೆದರಿಕೆಗೆ ಇಳಿದು ಬಂದುಬಿಟ್ಟಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮನೆಯಲ್ಲಿ ಅಜ್ಜಿ ಕಣ್ಣು ತೆರೆದೇ ಮಲಗಿದ್ದಳು. "ಏನಂದ ಆ ಹುಡುಗ?"

"ಕಾರು ನಿಲ್ಲಿಸ್ತಾರಂತೆ ಅಜ್ಜಿ."

"ನಮ್ಮಪ್ಪನ ಎದೆ ಮೇಲೆ ಕಾರಾ?" ಅಜ್ಜಿ ನಗಲು ಹೋಗಿ ಕೆಮ್ಮಿದಳು. "ಮೂರು ಜನ ಬಿಷಪ್ಪರಿಗೆ ಉಡಿಸಿದೀನಿ ಕಣೇ. ಬಟ್ಟೆ ಚುಚ್ಚುತ್ತೆ ಅಂತ ಒಬ್ಬರೂ ದೂರು ಕೊಡಲಿಲ್ಲ. ಬದುಕಿರೋರದ್ದೇ ತಕರಾರು."

"ಈಗಿನ ಬಿಷಪ್ಪರಿಗೆ ಫೋನ್ ಮಾಡ್ತೀನಿ."

"ಸುಮ್ನಿರು. ಬಿಷಪ್ಪರಿಗೆ ಯಾರಾದ್ರೂ ಫೋನ್ ಮಾಡ್ತಾರೇನೇ?"

"ನಂಬರ್ ಅವರೇ ಕೊಟ್ಟಿದಾರಲ್ಲ!"

ಕೊಟ್ಟಿದ್ದರು. ಲ್ಯಾಂಬರ್ಟ್ ಸೆಮಿನರಿಯಲ್ಲಿ ಓದುವಾಗ ಹಸಿದು ಬಂದು ಇದೇ ಬಾಗಿಲಲ್ಲಿ ಕೂತು ಬಾಳೆಕಾಯಿ, ಕಡಲೆಕಾಯಿ ಸಾರು ತಿಂದವರು. ಹರಿದ ನಿಲುವಂಗಿಗೆ ಅಜ್ಜಿಯಿಂದ ತೇಪೆ ಹಾಕಿಸಿಕೊಂಡವರು. ಬಿಷಪ್ಪರಾದ ದಿನ ಮಾತೆ ಮರಿಯಮ್ಮನ ಚಿತ್ರದ ಹಿಂದೆ ನಂಬರ್ ಬರೆದು, "ಅಮ್ಮಾ, ಏನು ಬೇಕಾದ್ರೂ ನನಗೇ ಹೇಳಿ" ಅಂದಿದ್ದರು. ಹನ್ನೆರಡು ವರ್ಷ ಆ ಚಿತ್ರ ಅಜ್ಜಿಯ ಜಪದ ಪುಸ್ತಕದಲ್ಲೇ ಇತ್ತು.

"ಒಂದ್ಸಲಾನೂ ಯಾಕೆ ಮಾಡಲಿಲ್ಲ?"

"ಏನೂ ಬೇಕಾಗಲಿಲ್ಲ."

ಲಿಯೊಕಾಡಿಯಳಿಗೆ ಸಿಟ್ಟು ಉಕ್ಕಿತು. ಎಂಬತ್ತಾರು ವರ್ಷ ಏನೂ ಬೇಡವೆಂದವಳಿಗೆ ಆರಡಿ ಮಣ್ಣು ಬೇಕು, ಅದೂ ತನ್ನಪ್ಪನದೇ! ಅಪ್ಪ ಕಾಗದ ಕೇಳಲಿಲ್ಲ, ಮಗಳು ಫೋನ್ ಮಾಡಲಿಲ್ಲ. ತಾನೂ ಸುಮ್ಮನಿದ್ದರೆ ಬೆನ್ನಿನ ಮೇಲಿರುವ ಈ ಕೂಸೂ ನಾಳೆ ಬಾಯಿ ಮುಚ್ಚಿಕೊಂಡಿರುವುದನ್ನೇ ಕಲಿಯುತ್ತದೆ.

ಪುಸ್ತಕದಿಂದ ಚಿತ್ರ ತೆಗೆದಳು. ಶಾಯಿ ಮಾಸಿತ್ತು, ಒಂದು ಅಂಕಿ ಏಳೋ ಒಂದೋ ಗೊತ್ತಾಗಲಿಲ್ಲ. ಒಂದು ಒತ್ತಿದಾಗ ಯಾರೋ ಟೈರು ಅಂಗಡಿಯವನು ಸಿಕ್ಕಿದ. ಏಳು ಒತ್ತಿದಳು.

"ಮೊಣಕಾಲೂರು" ಎಂದಳು ಅಜ್ಜಿ ಒಳಗಿನಿಂದ. ದೊಡ್ಡವರ ಜೊತೆ ಫೋನಿನಲ್ಲಿ ಮಾತಾಡುವಾಗಲೂ ಅಜ್ಜಿ ಮೊಣಕಾಲೂರಿಯೇ ಮಾತಾಡುವವಳು.

ಲಿಯೊಕಾಡಿಯ ನಿಂತೇ ಇದ್ದಳು.

"ಯಾರು?" ಎಂದಿತು ಆ ಕಡೆಯ ದನಿ, ಆಯಾಸದ ದನಿ.

"ರೆಸ್ತಿತೂತ ಮನೆಯಿಂದ ಸ್ವಾಮಿ. ನಿಮ್ಮ ನಿಲುವಂಗಿಗೆ ತೇಪೆ ಹಾಕಿದೋರ ಮನೆ. ಏನು ಬೇಕಾದ್ರೂ ಹೇಳಿ ಅಂದಿದ್ರಿ. ಈಗ ಹೇಳ್ತಿದೀನಿ. ಅಜ್ಜಿಗೆ ಅವರಪ್ಪನ ಪಕ್ಕ ಮಲಗಬೇಕು. ಸೋಮವಾರ ನಿಮ್ಮೋರು ಆ ಮರ ಕಡೀತಾರೆ."

ಆ ಕಡೆ ಕುರ್ಚಿ ಸರಿದ ಸದ್ದು. ಅಜ್ಜಿಯ ಕೆಮ್ಮು ಅಲ್ಲಿಗೂ ಕೇಳಿಸಿರಬೇಕು.

"ಯಾವ ಮರ? ಮುತುಬಾನಾ? ನನಗೆ ಹೇಳಿದ್ದು ಒಣಗಿದ ಮರ ಅಂತ."

"ಒಣಗಿಲ್ಲ ಸ್ವಾಮಿ. ನಿಮ್ಮ ಕಿಟಕಿ ತೆಗೆದು ನೋಡಿ. ನಾನು ಫೋನ್ ಇಡಲ್ಲ, ಕಾಯ್ತೀನಿ."