ನಂದೊಳ್ಳಿ ಜೀಪಿನ ನೀರು ಹೋದ ದಾರಿ

ಯಲ್ಲಾಪುರದಲ್ಲಿ ಹುಬ್ಬಳ್ಳಿ ರಸ್ತೆಯ ಬದಿಗೆ ಬೋರ್ಡಿಲ್ಲದ ಒಂದು ತಗಡಿನ ಶೆಡ್ಡು. ಶನಿವಾರದ ಬೆಳಗಿನ ಐದೂವರೆ. ಹಳೆಯ ಡೀಸೆಲ್ ಜೀಪಿನ ಅಡಿಯಿಂದ ಎರಡು ಕಾಲುಗಳಷ್ಟೇ ಕಾಣುತ್ತಿವೆ. ಅವು ಶಂಕ್ರಪ್ಪನವರವು, ವಯಸ್ಸು ನಲವತ್ತೇಳು. ಒಂದು ಕೈಯಲ್ಲಿ ಬ್ಯಾಟರಿ ದೀಪ, ಇನ್ನೊಂದರಲ್ಲಿ ಕೊಡೆಯ ಕಡ್ಡಿಗೆ ಕಟ್ಟಿದ ಅಂಗೈಯಗಲದ ಕನ್ನಡಿ. ಹಿಂದಿನ ಸಂಜೆಯೇ ಅವರು ಇಂಜಿನ್ನಿಗೆಲ್ಲ ಗೋಡೆಗೆ ಬಳಿಯುವ ಸುಣ್ಣ ಬಳಿದಿದ್ದಾರೆ. ರೇಡಿಯೇಟರಿನ ನೀರಿಗೆ ಅರಿಶಿನ ಕದಡಿ, ಬಟ್ಟೆಯಲ್ಲಿ ಸೋಸಿ ತುಂಬಿದ್ದಾರೆ. ಈಗ ಬಿಳಿಯ ಇಂಜಿನ್ನಿನ ಸಂದಿಗೊಂದಿಯಲ್ಲಿ ಕನ್ನಡಿ ಇಷ್ಟಿಷ್ಟೇ ಸರಿಯುತ್ತಿದೆ.

"ಸಿಕ್ತ್ರಿ," ಎನ್ನುತ್ತದೆ ಜೀಪಿನಡಿಯ ದನಿ. "ಬಗ್ಗಿ ನೋಡ್ರಿ."

ಜೀಪಿನ ಮಾಲೀಕರೂ ಚಾಲಕರೂ ಆದ ನಂದೊಳ್ಳಿಯ ರಘುಪತಿ ಹೆಗಡೆ ಬಗ್ಗಿದವರು ತಟ್ಟನೆ ಹಿಂದೆ ಸರಿಯುತ್ತಾರೆ. ಕನ್ನಡಿಯಲ್ಲಿ ಒಂದು ಕೆಂಪು ಗೆರೆ ಇಳಿದಿದೆ, ಗಾಯದಿಂದ ಇಳಿದ ಹಾಗೆ.

"ಅಯ್ಯೋ, ರಕ್ತ ಮಾರಾಯಾ!"

"ರಕ್ತ ಎಲ್ಲಿಂದ ಬರ್ಬೇಕ್ರಿ? ಆರತಿ ನೀರು. ಅರಿಷಿಣಕ್ಕ ಸುಣ್ಣ ಕೂಡಿದ್ರ ಕೆಂಪಾಗ್ತೈತಿ. ನಿಮ್ಮನಿಯಾಗ ಆರತಿ ಎತ್ತಂಗಿಲ್ಲೇನು?"

ಐದು ತಿಂಗಳಿಂದ ಈ ಜೀಪಿನ ನೀರು ದಿನಕ್ಕೆ ಎರಡು ಬೆರಳಿನಷ್ಟು ಇಳಿಯುತ್ತಿದೆ. ನೆಲಕ್ಕೆ ಒಂದು ಹನಿ ಬಿದ್ದಿಲ್ಲ. ಆಯಿಲ್ಲಿಗೆ ನೀರು ಸೇರಿಲ್ಲ, ಹೊಗೆ ಬೆಳ್ಳಗಾಗಿಲ್ಲ. ಬೇರೆ ಎರಡು ಊರಿನ ಗ್ಯಾರೇಜುಗಳಲ್ಲಿ ಪೈಪು ಬದಲಾಗಿದೆ, ಪಂಪು ಬದಲಾಗಿದೆ, ರೇಡಿಯೇಟರಿಗೆ ಎರಡು ಸಲ ಬೆಸುಗೆ ಬಿದ್ದಿದೆ. ಕೊನೆಗೆ ನೋಡಿದವರು, ಇಂಜಿನ್ನೇ ಒಳಗೆ ಬಿರುಕು ಬಿಟ್ಟಿದೆ, ಗುಜರಿಗೆ ಕೊಡಿ ಎಂದಿದ್ದಾರೆ. ಗುಜರಿಯವರ ಲಾರಿ ಸೋಮವಾರ ಬರಲಿದೆ. ನಂದೊಳ್ಳಿಯಿಂದ ಪೇಟೆಗೆ ದಿನಕ್ಕೆ ನಾಲ್ಕು ಸಲ ಓಡುವ, ಹೆರಿಗೆ ನೋವು ಬಂದವರನ್ನು ಹೊತ್ತಲ್ಲದ ಹೊತ್ತಿನಲ್ಲೂ ಆಸ್ಪತ್ರೆಗೆ ಮುಟ್ಟಿಸುವ ಗಾಡಿ ಇದೊಂದೇ. ಇದು ಹೋದರೆ ರಘುಪತಿಯವರು ಐವತ್ತೆರಡನೆಯ ವಯಸ್ಸಿನಲ್ಲಿ ಇನ್ನೊಬ್ಬರ ಲಾರಿ ಹತ್ತಬೇಕು. ಅವರ ಪತ್ನಿ ವೇದಾ ಇವತ್ತು ಜೊತೆಗೆ ಬಂದಿರುವುದೇ ಸ್ಟೇರಿಂಗಿನ ಎದುರಿಗಿನ ಗಣಪತಿ ಪಟವನ್ನು ಬಿಚ್ಚಿ ಮನೆಗೆ ಒಯ್ಯಲು. ಪಟ ಆಗಲೇ ಅವರ ಚೀಲ ಸೇರಿದೆ.

ಶಂಕ್ರಪ್ಪನವರದು ಬನವಾಸಿ ಕಡೆಯ ಊರು. ಎಪ್ಪತ್ತನಾಲ್ಕರಲ್ಲಿ ಕೆಲಸ ಹುಡುಕಿ ಬಂದವರು ಇಲ್ಲೇ ನಿಂತರು. ಮೂವತ್ತು ವರ್ಷವಾದರೂ ಮಾತಿನಲ್ಲಿ ಆ ಕಡೆಯ ಧಾಟಿ ಹೋಗಿಲ್ಲ. ತೊಂಬತ್ತೊಂದರಲ್ಲಿ ರೇಡಿಯೇಟರ್ ಮುಚ್ಚಳ ಹಾರಿ ಬಲಗೈ ಮೊಣಕೈವರೆಗೆ ಬೆಂದಿತು. ನಾಲ್ಕು ತಿಂಗಳು ಮನೆಯಲ್ಲಿ ಪತ್ನಿ ಶೈಲಾ ಅವರೇ ತುತ್ತು ಕಲಸಿಕೊಟ್ಟರಂತೆ. ಆ ಕೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚಿಕೊಳ್ಳುವುದಿಲ್ಲ. ಸುಣ್ಣ ಅರಿಶಿನದ ಉಪಾಯ ಹೊಳೆದದ್ದು ತಾಯಿ ಶಾರದವ್ವ ಆರತಿ ತಟ್ಟೆಗೆ ನೀರು ಕಲಸುವುದನ್ನು ನೋಡಿ.

"ಹತ್ತು ಗಾಡಿ ಸೋರಿದ್ರ ಎಂಟು ಕಣ್ಣಿಗೇ ಕಾಣ್ತಾವ್ರಿ," ಎನ್ನುತ್ತಾರೆ ಶಂಕ್ರಪ್ಪ. "ಉಳಿದ ಎರಡಕ್ಕ ಹೀಂಗ ಬಲೆ ಹಾಕ್ಬೇಕು. ಇಂಜಿನ್ ಬಿಸಿ ಇದ್ದಾಗ ಹೊರಗ ಬಂದ ನೀರು ಅಲ್ಲೇ ಆರ್ತೈತಿ. ಕಳ್ಳ ಹೆಜ್ಜಿ ಅಳಿಸ್ಕೋಂತ ಓಡಿದಂಗ. ನಸುಕಿನ್ಯಾಗ ಕಬ್ಬಿಣ ತಣ್ಣಗಿರ್ತೈತಲ್ರಿ, ಆಗ ಹಿಡೀಬೇಕು."

ವರ್ಷಕ್ಕೆ ಅಂಥವು ಮೂವತ್ತು ನಲವತ್ತು. ಸಿದ್ದಾಪುರದಿಂದಲೂ ಹುಡುಕಿಕೊಂಡು ಬರುತ್ತಾರೆ. ಅಷ್ಟನ್ನೂ ಅವರು ನೆಲದ ಮೇಲೆ ಮಲಗಿಯೇ ಹಿಡಿದಿದ್ದಾರೆ. ಬೆನ್ನಿಗೆ ಹರಕು ಗೋಣಿಚೀಲ.

ಕೆಂಪು ಗೆರೆ ಹುಟ್ಟಿದ್ದು ಇಂಜಿನ್ನಿನ ಮಗ್ಗುಲಲ್ಲಿ, ಹೊಗೆಕೊಳವೆಯ ಹಿಂದೆ. ಅಲ್ಲೊಂದು ತೂತನ್ನು ಮುಚ್ಚಿ ಕೂರಿಸಿದ ಉಕ್ಕಿನ ಬಿಲ್ಲೆಯಿದೆ, ಹಳೆಯ ಒಂದು ರೂಪಾಯಿಗಿಂತ ತುಸು ದೊಡ್ಡದು. ಶಂಕ್ರಪ್ಪ ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ತಟ್ಟುತ್ತಾರೆ.

ತಟ್ಟಿದ್ದು ಒಳಗೇ ಹೋಗುತ್ತದೆ! ಹಪ್ಪಳಕ್ಕೆ ಬೆರಳು ಚುಚ್ಚಿದ ಹಾಗೆ. ಹಳದಿ ನೀರು ಮುಖದ ಮೇಲೆ ಭೋರೆಂದು ಸುರಿಯುತ್ತದೆ.

ಅವರು ಉರುಳಿ ಹೊರಬರುತ್ತಾರೆ. ಮುಖ ಒರೆಸಿಕೊಳ್ಳುವುದನ್ನೂ ಮರೆತು ಮತ್ತೆ ತೆವಳಿ ಹೋಗಿ ಉಳಿದ ಬಿಲ್ಲೆಗಳನ್ನು ತಟ್ಟುತ್ತಾರೆ. ಒಟ್ಟು ಐದು ಬಿಲ್ಲೆಗಳಲ್ಲಿ ಇನ್ನೆರಡು ಹಾಗೇ. ಹೊರಗೆ ಬಂದು ಕೂರುತ್ತಾರೆ.

"ಹೆಗಡೇರ, ಇದರಾಗ ಏನ್ ಹಾಕೀರಿ?"

"ಎಂತ ಹಾಕೋದು? ನೀರು."

"ನೀರು ಹೀಂಗ ತಿನ್ನಂಗಿಲ್ರಿ. ತುಕ್ಕಲ್ಲ ಇದು. ಒಳಗಿಂದ ಯಾರೋ ಕೆರೆದು ತಿಂದಂಗ ಐತಿ. ಖರೇ ಹೇಳ್ರಿ."

ರಘುಪತಿಯವರು ಪತ್ನಿಯ ಕಡೆ ನೋಡುತ್ತಾರೆ, ನೆಲ ನೋಡುತ್ತಾರೆ. "ವರ್ಷಕ್ಕೆ ಒಂದೇ ಸಲ. ಆಯುಧಪೂಜೆ ಮುಂಚೆ. ಮುರುಗಲು ಹುಳಿಯ ಸಿಪ್ಪೆ ನೆನೆಸಿದ ನೀರು ತುಂಬಿ ಒಂದಿನ ಓಡಿಸಿ ಚೆಲ್ಲೋದು. ಮನೇಲಿ ತಾಮ್ರದ ಹಂಡೆ ಅದ್ರಲ್ಲೇ ತಿಕ್ಕಿದ್ರೆ ಫಳಫಳ ಹೊಳೀತದೆ. ರೇಡಿಯೇಟರೂ ತಾಮ್ರದ್ದೇ ಅಲ್ವನಾ? ಒಳಗಿನ ಕರೆ ಹೋಗ್ಲಿ ಅಂತ..."

"ಎಷ್ಟು ವರ್ಷದಿಂದ?"

"ತೊಂಬತ್ತೇಳರಿಂದ. ಏಳು ಸಲ ಆಯ್ತು."

ಶಂಕ್ರಪ್ಪ ಎರಡೂ ಕೈ ತಲೆಯ ಮೇಲಿಡುತ್ತಾರೆ. ಅಲ್ಲಿಗೆ ವೇದಾ ಬಾಯಿ ಹಾಕುತ್ತಾರೆ.

"ವರ್ಷ ವರ್ಷಾ ಮುರುಗಲು ಡಬ್ಬಿ ಎಂತಕ್ಕೆ ಅರ್ಧ ಆಗ್ತು ಹೇಳಿ ಈಗ ಗೊತ್ತಾತು! ಆನು ಇಲಿ ತಿಂತು ಹೇಳಿ ತಿಳ್ಕಂಡಿದ್ದಿ."

ಯಾರೂ ನಗುವುದಿಲ್ಲ.

"ಹುಳಿ ತಾಮ್ರ ತೊಳೀತ್ರಿ, ಉಕ್ಕು ತಿಂತು," ಎನ್ನುತ್ತಾರೆ ಶಂಕ್ರಪ್ಪ. "ಮೊನ್ನಿ ಬುಧವಾರ ಮಾಗೋಡಿಗೆ ಬಾಡಿಗಿ ಹೋಗಿದ್ರಲ್ಲ, ಎಷ್ಟು ಮಂದಿ ಇದ್ರು?"

"ಹದಿನೇಳು. ಇವಳೂ ಇದ್ಲು, ಮುಂದಿನ ಸೀಟಲ್ಲಿ."

ಶಂಕ್ರಪ್ಪ ಆ ಸೀಟಿನ ಕೆಳಗಿನ ತಗಡು ತೋರಿಸುತ್ತಾರೆ. ತುಕ್ಕು ತಿಂದು ಅಂಗೈಯಷ್ಟು ತೂತಾಗಿದೆ. ಬಿಲ್ಲೆಯ ನೇರಕ್ಕೇ ಇದೆ. "ಮಾಗೋಡಿನ ಏರಿನ್ಯಾಗ ಈ ಬಿಲ್ಲೆ ಹಾರಿದ್ರ ಕುದಿಯೋ ನೀರು ಈ ತೂತಿನಾಗಿಂದ ಬರ್ತಿತ್ರಿ." ಬೆಂದ ತಮ್ಮ ಬಲಗೈಯನ್ನು ಅವರು ಅರಿವಿಲ್ಲದೆ ಸವರಿಕೊಳ್ಳುತ್ತಾರೆ. ಕಟ್ಟೆಯ ಮೇಲೆ ಕೂತಿದ್ದ ವೇದಾ ಕಾಲೆರಡನ್ನೂ ಸೀರೆಯೊಳಗೆ ಎಳೆದುಕೊಳ್ಳುತ್ತಾರೆ. ರಘುಪತಿಯವರ ಮುಖ ಸುಣ್ಣದ ಇಂಜಿನ್ನಿನಷ್ಟೇ ಬಿಳಿ.

ಇಂಜಿನ್ ಬಿರುಕು ಬಿಟ್ಟಿರಲಿಲ್ಲ. ಐದು ತಿಂಗಳು ಯಾರೂ ಹೊಗೆಕೊಳವೆಯ ಹಿಂದೆ ನೋಡಿರಲಿಲ್ಲ, ಅಷ್ಟೆ. ಶನಿವಾರ ಸಂಜೆಯೊಳಗೆ ಶಂಕ್ರಪ್ಪ ಕೊಳವೆ ಬಿಚ್ಚಿ ಐದೂ ಬಿಲ್ಲೆ ಕೀಳುತ್ತಾರೆ. ಭಾನುವಾರ ಹೊಸ ಹಿತ್ತಾಳೆ ಬಿಲ್ಲೆಗಳು ಕೂರುತ್ತವೆ, ಸೀಟಿನ ಕೆಳಗೂ ಹೊಸ ತಗಡು ಬೀಳುತ್ತದೆ. ಮಧ್ಯಾಹ್ನ ಹನ್ನೆರಡು ಗೋಣಿ ಮರಳು ಹೇರಿ, ಶಂಕ್ರಪ್ಪ ತಾವೇ ಮುಂದಿನ ಸೀಟಿನಲ್ಲಿ ಕೂತು ಮಾಗೋಡಿನ ತನಕ ಹೋಗಿ ಬರುತ್ತಾರೆ. ಬಂದು ಇಂಜಿನ್ ತಣಿದ ಮೇಲೆ ನೀರಿನ ಮಟ್ಟಕ್ಕೆ ಕಸಬರಿಗೆ ಕಡ್ಡಿ ಇಳಿಸಿ, ಉಗುರಿನಿಂದ ಗುರುತು ಕೊರೆಯುತ್ತಾರೆ.

ಸೋಮವಾರ ನಸುಕಿನಲ್ಲಿ ಗುಜರಿಯ ಲಾರಿ ರಸ್ತೆಯಂಚಿಗೆ ಬಂದು ನಿಂತಿದೆ. ಅದರ ಚಾಲಕ ಇಳಿದು ಬೀಡಿ ಹಚ್ಚಿದ್ದಾನೆ. ವೇದಾ ಅವರ ಕೈ ಚೀಲದೊಳಗಿನ ಪಟದ ಮೇಲಿದೆ. ಈ ಶೆಡ್ಡಿಗೆ ಇನ್ನೇನು ಬೇಕೆಂದು ಯಾರಾದರೂ ಕೇಳಿದರೆ ಶಂಕ್ರಪ್ಪ ನಾಚುತ್ತಾರೆ. "ಗಾಡಿ ಕೆಳಗ ಕುಂತು ನೋಡಾಕ ಒಂದು ಗುಂಡಿ ತೋಡಿಸ್ಬೇಕ್ರಿ. ಬೆನ್ನು ಕೇಳಂಗಿಲ್ಲ ಈಗೀಗ."

ಆಮೇಲೆ ಮುಚ್ಚಳ ತಿರುವಿ ಕಡ್ಡಿ ಇಳಿಸುತ್ತಾರೆ, ಎತ್ತಿ ಬ್ಯಾಟರಿ ಬೆಳಕಿಗೆ ಹಿಡಿಯುತ್ತಾರೆ. ಒದ್ದೆ ನಿಂತದ್ದು ಉಗುರಿನ ಗುರುತಿನ ಮೇಲೆಯೇ. ರಘುಪತಿಯವರು ನಂಬಿಕೆ ಬಾರದೆ ತಾವೂ ಒಮ್ಮೆ ಇಳಿಸಿ ನೋಡುತ್ತಾರೆ.

"ಲಾರಿಯವ್ರಿಗೆ ಹೋಗಾಕ ಹೇಳ್ರಿ," ಎನ್ನುತ್ತಾ ಶಂಕ್ರಪ್ಪ ಮುಚ್ಚಳ ಬಿಗಿಮಾಡುತ್ತಾರೆ. "ನೀರು ನಿನ್ನಿ ಎಲ್ಲಿ ಬಿಟ್ಟಿದ್ನೋ ಅಲ್ಲೇ ಐತಿ."